ಮೊದಲೇ ಬಂದ ಮಜ್ಜಿಗೆ

ಹಳೇ ಪಾತ್ರೆ ತಗೊಂಡು ಹೊಸ ಪಾತ್ರೆ ಕೊಡುವ ಹೆಂಗಸೊಬ್ಬಳು ಹುಣಸೂರಿನ ನಮ್ಮ ಬೀದಿಗೆ ಎರಡು ತಿಂಗಳಿಗೊಮ್ಮೆ ಬರುತ್ತಾಳೆ. ಬಂದವಳು ಗೇಟಿನ ಹೊರಗೆ ನಿಲ್ಲುವವಳಲ್ಲ. ನೇರವಾಗಿ ಹಿತ್ತಲಿಗೆ ನುಗ್ಗಿ, ತೊಳೆದು ಬೋರಲು ಹಾಕಿದ ಪಾತ್ರೆಗಳನ್ನು ಹೆಣ್ಣು ನೋಡಲು ಬಂದವರ ಹಾಗೆ ಒಂದೊಂದಾಗಿ ಎತ್ತಿ, ತಿರುಗಿಸಿ, ಬೆಳಕಿಗೆ ಹಿಡಿದು ನೋಡುತ್ತಾಳೆ. ಇವತ್ತು ಅವಳ ಕಣ್ಣು ನಮ್ಮ ಮಜ್ಜಿಗೆ ಜಗ್ಗಿನ ಮೇಲೆ ಬಿತ್ತು.

"ಇದನ್ಯಾಕ್ರಮ್ಮ ಇಟ್ಕಂಡಿದ್ದೀರಾ? ಹೊಟ್ಟೆ ಒಳಕ್ಕೆ ಹೋಗ್ಯದೆ, ಮೂತಿ ಸೊಟ್ಟಗಾಗ್ಯದೆ. ಕೊಟ್ಬುಡಿ, ಒಂದು ಹೊಸಾ ಡಬರಿ ಕೊಡ್ತೀನಿ."

"ಅದೊಂದು ಬುಡವ್ವ, ಕೊಡಕ್ಕಾಗಲ್ಲ" ಎಂದೆ.

"ತವರು ಮನೇದಾ?"

"ಅಲ್ಲ."

"ಬೆಳ್ಳೀದಾ ಅಂಗಾರೆ?" ಎಂದು ನಗಾಡಿಕೊಂಡು, ಒಂದು ಹಳೇ ಬಾಣಲೆಗೆ ಸಮಾಧಾನ ಪಟ್ಟು ಹೋದಳು.

ತವರಿನದೂ ಅಲ್ಲ, ಬೆಳ್ಳಿಯದೂ ಅಲ್ಲ. ಸಂತೆಯಲ್ಲಿ ತಗೊಂಡ ಸಾಧಾರಣ ಸ್ಟೀಲ್ ಜಗ್ಗು. ಆದರೆ ಅದರ ಹೊಟ್ಟೆಯ ಆ ತಗ್ಗು ಇದೆಯಲ್ಲ, ಅದನ್ನು ಬೀಳಿಸಿದವಳು ನಾನು. ಅದರ ಕಥೆ ಹೇಳಬೇಕೆಂದರೆ ಮೊದಲು ನನ್ನ ಹುಚ್ಚನ್ನು ಹೇಳಿಕೊಳ್ಳಬೇಕು. ಜನರನ್ನು ಊಟಕ್ಕೆ ಕರೆಯುವುದು ನನ್ನ ಹುಚ್ಚು. ಕೆಲವರಿಗೆ ಸೀರೆ ಹುಚ್ಚು, ಕೆಲವರಿಗೆ ಧಾರಾವಾಹಿ ಹುಚ್ಚು. ನನಗೆ ಸಾಯಂಕಾಲ ದೇವರ ದೀಪ ಹಚ್ಚಿದ ಮೇಲೆ ಮನೆಯಲ್ಲಿ ನಾಲ್ಕು ಜನ ಎಲೆ ಮುಂದೆ ಕೂತಿರಬೇಕು, ಒಬ್ಬರ ಮಾತು ಒಬ್ಬರಿಗೆ ಕೇಳಿಸದ ಹಾಗೆ ಎಲ್ಲರೂ ಒಟ್ಟಿಗೆ ಮಾತಾಡುತ್ತಿರಬೇಕು. ನಮ್ಮ ಯಜಮಾನರು ಪಂಪ್‌ಸೆಟ್ಟಿನ ಮೋಟರ್ ರೀವೈಂಡಿಂಗ್ ಅಂಗಡಿ ಇಟ್ಟಿದ್ದಾರೆ. ಸುಟ್ಟ ಮೋಟರ್ ತಂದ ರೈತರನ್ನೂ ನಾನು "ಊಟ ಮಾಡ್ಕೊಂಡು ಹೋಗಿ" ಅಂದದ್ದಿದೆ. "ಮೋಟರ್ ಸುಟ್ಟು ಹೊಟ್ಟೆ ಉರೀತಿರೋರಿಗೆ ನಿನ್ನ ಸಾರು ಬೇರೆ" ಎನ್ನುತ್ತಾರೆ ಇವರು.

ಇದು ಅಮ್ಮನಿಂದ ಬಂದ ಕಾಯಿಲೆ. ನನ್ನ ತವರು ಪಿರಿಯಾಪಟ್ಟಣದ ಕಡೆ, ರಾವಂದೂರಿನ ಹತ್ತಿರದ ಹಳ್ಳಿ. ನಮ್ಮಮ್ಮ ಪ್ರತಿದಿನ ರಾತ್ರಿ ಮನೆಯವರ ಲೆಕ್ಕಕ್ಕಿಂತ ಒಂದು ಮುದ್ದೆ ಜಾಸ್ತಿ ಕಟ್ಟುತ್ತಿದ್ದರು. ಅದಕ್ಕೆ ಹೆಸರು 'ಬಂದೋರ ಮುದ್ದೆ'. ಯಾರು ಬರುತ್ತಾರೆ, ಏಕೆ ಬರುತ್ತಾರೆ, ಯಾರಿಗೂ ಗೊತ್ತಿಲ್ಲ. ಮುದ್ದೆ ಮಾತ್ರ ತಟ್ಟೆ ಮುಚ್ಚಿಕೊಂಡು ಒಲೆಯ ಪಕ್ಕ ಅವರಿಗಾಗಿ ಕಾಯುತ್ತಿತ್ತು. ಯಾರೂ ಬರದಿದ್ದರೆ ಬೆಳಿಗ್ಗೆ ಅದನ್ನು ಮಜ್ಜಿಗೆಯಲ್ಲಿ ಕಿವುಚಿ, ಈರುಳ್ಳಿ ಹಾಕಿ ನಮಗೆ ಕೊಡುತ್ತಿದ್ದರು. ಅದರ ರುಚಿಗೆ ಸೋತು ನಾವು ಮಕ್ಕಳು ರಾತ್ರಿ ದೇವರಿಗೆ ಕೈಮುಗಿದು "ಇವತ್ತು ಯಾರೂ ಬರದೆ ಇರಲಪ್ಪ" ಎಂದು ಬೇಡಿಕೊಂಡು ಮಲಗುತ್ತಿದ್ದೆವು. ಈಗಿನ ನನ್ನ ಅತಿಥಿ ಸತ್ಕಾರದ ಮೂಲ ಇಂಥ ಪ್ರಾರ್ಥನೆಯಲ್ಲಿದೆ ಎಂದು ತಿಳಿದರೆ ನಮ್ಮ ಮನೆಗೆ ಬರುವವರು ಸ್ವಲ್ಪ ಯೋಚಿಸಬಹುದು.

ಮದುವೆಯಾಗಿ ಸೇರಿದ್ದು ಕೆ.ಆರ್. ನಗರದ ಹೊಸ ಅಗ್ರಹಾರದ ಕಡೆಗೆ. ಕಾಲುವೆ ನೀರಿನ ಊರು. ಮನೆ ತುಂಬ ಜನ. ಅಲ್ಲಿ ನನಗೆ ಸಿಕ್ಕವರು ಜಯಕ್ಕ, ನಮ್ಮ ಯಜಮಾನರ ಅಣ್ಣನ ಹೆಂಡತಿ, ನನ್ನ ಓರಗಿತ್ತಿ. ಓರಗಿತ್ತಿಯರ ಬಗ್ಗೆ ಲೋಕ ಹೇಳುವುದನ್ನೆಲ್ಲ ಕೇಳಿಕೊಂಡೇ ನಾನು ಹೆದರುತ್ತ ಹೋಗಿದ್ದೆ. ಹೋದ ಮೂರನೇ ದಿನ ಮುದ್ದೆ ಮಾಡಲು ನನ್ನನ್ನು ಬಿಟ್ಟರು. ಹತ್ತು ಹನ್ನೆರಡು ಜನರ ಹಿಟ್ಟು ನಾನು ಅದುವರೆಗೆ ಕೋಲಿನಿಂದ ತೊಳಸಿದವಳಲ್ಲ. ಕೋಲು ಒಂದು ಕಡೆ ಹೋದರೆ ಹಿಟ್ಟು ಒಂದು ಕಡೆ ಹೋಯಿತು. ಅರ್ಧಕ್ಕರ್ಧ ಗಂಟು. ನಾನು ಅಳುವುದೊಂದು ಬಾಕಿ. ಜಯಕ್ಕ ಒಳಗೆ ಬಂದು ಪಾತ್ರೆ ನೋಡಿದರು. ಚೆನ್ನಾಗಿದ್ದ ಹಿಟ್ಟನ್ನೆಲ್ಲ ಮೇಲಿಂದ ತೆಗೆದು ಸಣ್ಣ ಸಣ್ಣ ಮುದ್ದೆ ಕಟ್ಟಿ ಹೊರಗೆ ಕಳಿಸಿದರು. ಗಂಟಿನದ್ದನ್ನು ಎರಡು ಮುದ್ದೆ ಮಾಡಿ ಪಕ್ಕಕ್ಕಿಟ್ಟರು. ಎಲ್ಲರ ಊಟವಾದ ಮೇಲೆ ಅಡುಗೆಮನೆಯ ನೆಲದ ಮೇಲೆ ನಾವಿಬ್ಬರೂ ಕೂತೆವು. ಒಂದು ಗಂಟಿನ ಮುದ್ದೆ ನನಗೆ, ಒಂದು ಅವರಿಗೆ.

"ಅಗಿಬ್ಯಾಡ, ನುಂಗ್ಬುಡು" ಎಂದರು. "ಹೊಟ್ಟೆ ಒಳಕ್ಕೆ ಹೋದ್ಮೇಲೆ ಗಂಟು ಯಾವ್ದು, ನುಣ್ಣಗಿರೋದು ಯಾವ್ದು, ಯಾರಿಗೂ ಗೊತ್ತಾಗಕಿಲ್ಲ."

ಅತ್ತೆಗೆ ಆ ವಿಷಯ ಕೊನೆಯವರೆಗೂ ತಿಳಿಯಲಿಲ್ಲ. ಇಂಥ ಜಯಕ್ಕನಿಗೇ ನಾನು ಆ ಜಗ್ಗಿನ ಕೆಲಸ ಮಾಡಿದ್ದು.

ನಾಲ್ಕು ವರ್ಷದ ಹಿಂದೆ, ನಾವು ಹುಣಸೂರಿನಲ್ಲಿ ಬಾಡಿಗೆ ಮನೆ ಬಿಟ್ಟು ಈ ಸ್ವಂತ ಮನೆಗೆ ಬಂದ ಮೇಲೆ, ಒಂದು ಊಟದ ಟೇಬಲ್ ಮಾಡಿಸಿದೆವು. ಮಾಡಿಕೊಟ್ಟವರು ಪಕ್ಕದ ಮನೆಯ ಸತ್ತಾರಣ್ಣ, ಮರಗೆಲಸದಲ್ಲಿ ಕೈ ಪಳಗಿದವರು. ಆರು ಕುರ್ಚಿ. ಟೇಬಲ್ ಬಂದದ್ದೇ ನನ್ನ ತಲೆ ತಿರುಗಿತು. ಅದೇ ಸುಮಾರಿಗೆ ನಾನು ಮೊಬೈಲಿನಲ್ಲಿ ಒಬ್ಬ ಹೆಣ್ಣುಮಗಳು ಹೇಳಿಕೊಡುವ ವಿಡಿಯೋ ನೋಡುತ್ತಿದ್ದೆ. ಮನೆಗೆ ಊಟಕ್ಕೆ ಬಂದವರನ್ನು ಹೇಗೆ ನೋಡಿಕೊಳ್ಳಬೇಕು ಎಂಬ ಪಾಠ. ಅಡುಗೆಮನೆಯ ಬಾಗಿಲು ಮುಚ್ಚಿರಬೇಕಂತೆ, ಬಂದವರಿಗೆ ಅಲ್ಲಿನ ಗಲೀಜು ಕಾಣಬಾರದಂತೆ. ಅವರಿಂದ ಒಂದು ಲೋಟ ಕೂಡ ಎತ್ತಿಸಬಾರದಂತೆ. ಅಡುಗೆ ಉಳಿಯಬಾರದು, ಅಳತೆ ಮಾಡಿ ಮಾಡಬೇಕಂತೆ. ಟೇಬಲ್ ಮೇಲೆ ಒಂದು ಮೇಣದಬತ್ತಿ ಹಚ್ಚಿದರೆ ಮನಸ್ಸಿಗೆ ಹಿತವಂತೆ. ನಾನು ದೇವರ ಪುಸ್ತಕ ಓದಿದಷ್ಟು ಭಕ್ತಿಯಿಂದ ಕೇಳಿಸಿಕೊಂಡೆ.

ಆರು ಕುರ್ಚಿ, ಆರು ಜನ. ನಾವಿಬ್ಬರು, ಊರಿನಿಂದ ಭಾವ ಮತ್ತು ಜಯಕ್ಕ, ಪಕ್ಕದ ಮನೆಯ ಸತ್ತಾರಣ್ಣ ಮತ್ತು ಅವರ ಹೆಂಡತಿ ನೂರಮ್ಮ. ಆಳಿಗೆ ಒಂದೂವರೆ ಮುದ್ದೆಯ ಲೆಕ್ಕದಲ್ಲಿ ಲೋಟದಲ್ಲಿ ಹಿಟ್ಟು ಅಳೆದು, ಸರಿಯಾಗಿ ಒಂಬತ್ತು ಮುದ್ದೆ ಕಟ್ಟಿದೆ. ಅಮ್ಮನ ಬಂದೋರ ಮುದ್ದೆ ನೆನಪಾಗದೆ ಇರಲಿಲ್ಲ. ಆದರೆ ಈಗೆಲ್ಲ ಫೋನ್ ಮಾಡದೆ ಯಾರು ಬರುತ್ತಾರೆ ಎಂದುಕೊಂಡೆ.

ಭಾವ ಬಂದರು. ಅವರ ಹಿಂದೆ ಜಯಕ್ಕ ಬಂದರು. ಅವರ ಹಿಂದೆ ಮೂರು ಜನ ಗಂಡಸರು ಟವೆಲ್ಲಿನಲ್ಲಿ ಮುಖ ಒರೆಸಿಕೊಳ್ಳುತ್ತ ಬಂದರು.

"ದಾರೀಲಿ ಸಿಕ್ಕುದ್ರು ಕಣವ್ವ" ಎಂದರು ಭಾವ, ದಾರಿಯಲ್ಲಿ ಕುಂಬಳಕಾಯಿ ಸಿಕ್ಕಿತು ಎನ್ನುವ ಹಾಗೆ. "ಬರ್ರಲಾ ನಮ್ಮ ತಮ್ಮನ ಮನೇಲಿ ಊಟ ಅದೆ ಅಂತ ಕರ್ಕಂಡು ಬಂದೆ. ಒಳ್ಳೇದೇ ಆಯ್ತು, ಅಲ್ವಾ?"

"ಒಳ್ಳೇದೇ ಆಯ್ತು ಭಾವ" ಎಂದೆ.

ಜಯಕ್ಕ ಎಂದಿನಂತೆ ಸೆರಗು ಸಿಕ್ಕಿಸಿಕೊಂಡು ಅಡುಗೆಮನೆ ಕಡೆ ಹೊರಟರು. ನಾನು ಅಡ್ಡ ನಿಂತೆ. "ಬೇಡಿ ಅಕ್ಕ, ಇವತ್ತು ನೀವು ಕೂತ್ಕೊಳ್ಳಿ. ನೀವು ನೆಂಟರು" ಎಂದು ಕೈ ಹಿಡಿದು ಕುರ್ಚಿಯ ಮೇಲೆ ಕೂರಿಸಿ, ಬಾಗಿಲು ಮುಂದೆ ಮಾಡಿದೆ. ಅವರು ಕುರ್ಚಿಯ ತುದಿಯಲ್ಲಿ, ಬಸ್ಸಿನಲ್ಲಿ ಮೂರನೆಯವರಾಗಿ ಕೂತವರ ಹಾಗೆ ಕೂತರು.

ಮೇಣದಬತ್ತಿ ಹಚ್ಚಿಟ್ಟೆ. ನಮ್ಮ ಯಜಮಾನರು ಕೈ ತೊಳೆದು ಬಂದು, "ಫ್ಯೂಸ್ ಹೋಯ್ತಾ?" ಎಂದು ಕೇಳಿ, ನಾನು ಉತ್ತರ ಕೊಡುವುದರೊಳಗೆ ಮೀಟರ್ ಬೋರ್ಡ್ ನೋಡಲು ಹೋದರು.

ಒಂಬತ್ತು ಜನ, ಒಂಬತ್ತು ಮುದ್ದೆ. ನಾನು ಆಮೇಲೆ ಉಣ್ಣುವವಳಾದ್ದರಿಂದ ಎಂಟು ಮುದ್ದೆ ಬಡಿಸಿ, ಒಂದು ಉಳಿಯಿತು. ಅದನ್ನು ಭಾವ ಕೇಳಿ ಹಾಕಿಸಿಕೊಂಡರು. ಉಳಿದ ಗಂಡಸರು, ನೂರಮ್ಮ, ಅನ್ನಕ್ಕೆ ಕೈ ಹಾಕಿದರು. ಆದರೆ ಜಯಕ್ಕನಿಗೆ ಸಕ್ಕರೆ ಕಾಯಿಲೆ, ರಾತ್ರಿ ಅನ್ನ ಮುಟ್ಟುವುದಿಲ್ಲ. ಎರಡು ಮುದ್ದೆ ಅವರ ಊಟ. ನಾನು ಬಲ್ಲೆ, ಇಪ್ಪತ್ತು ವರ್ಷದಿಂದ ಬಲ್ಲೆ. ಅವರ ಎಲೆಯಲ್ಲಿ ಮುದ್ದೆ ಮುಗಿದು, ಬೆರಳು ಸಾರಿನಲ್ಲಿ ಸುಮ್ಮನೆ ಆಡುತ್ತಿತ್ತು. ಎರಡನೆಯದಕ್ಕೆ ಕಾಯುತ್ತಿದ್ದರು. ನಾನು ಒಳಗೆ ಓಡಿ, ಬಾಗಿಲು ಹಾಕಿಕೊಂಡು, ಸೌಟಿನಿಂದ ಪಾತ್ರೆಯ ತಳ ಕೆರೆದೆ. ಹಿಡಿ ಹಿಟ್ಟೂ ಬರಲಿಲ್ಲ. ಹೊಸದಾಗಿ ಎಸರಿಡೋಣವೆಂದರೆ, ಅಳತೆ ತಪ್ಪಿದ್ದು ಎಲ್ಲರಿಗೂ ಗೊತ್ತಾಗುತ್ತದೆ. ಹೊಸ ಟೇಬಲ್ಲು, ಹೊಸ ಮನೆ, ಭಾವ ಕರೆತಂದ ಮೂರು ಜನ. ನನ್ನ ಮರ್ಯಾದೆ ಏನಾಗಬೇಕು?

ಆಗ ನನ್ನ ಕೈಗೆ ಸಿಕ್ಕಿದ್ದು ಮಜ್ಜಿಗೆ ಜಗ್ಗು.

ನಮ್ಮ ಕಡೆಯ ಊಟದಲ್ಲಿ ಮಜ್ಜಿಗೆ ಬಂತೆಂದರೆ ಏನರ್ಥ ಎಂದು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಇನ್ನೇನೂ ಬರುವುದಿಲ್ಲ, ಕೈ ತೊಳೆಯಿರಿ ಎಂದರ್ಥ. ಅದಕ್ಕೇ ಬಡಿಸುವವರು ಮುದ್ದೆ ಬೇಕಾ, ಅನ್ನ ಬೇಕಾ, ಸಾರು ಬೇಕಾ ಎಂದು ಎರಡೆರಡು ಸಲ ಕೇಳಿ, ಬೇಡ ಬೇಡ ಅನ್ನಿಸಿಕೊಂಡು, ಆಮೇಲೆ ಮಜ್ಜಿಗೆ ಎತ್ತುತ್ತಾರೆ. ನಾನು ಏನೂ ಕೇಳದೆ, ಜಯಕ್ಕನ ಮುಖ ಕೂಡ ನೋಡದೆ, ಅವರ ಎಲೆಯ ಪಕ್ಕದ ಲೋಟಕ್ಕೆ ಮಜ್ಜಿಗೆ ಹುಯ್ದುಬಿಟ್ಟೆ.

ಅವರ ಬೆರಳು ನಿಂತಿತು. ಲೋಟ ನೋಡಿದರು. ನನ್ನನ್ನು ನೋಡಿದರು. ಎಲೆ ಮಡಚಿದರು. ಮಜ್ಜಿಗೆ ಮುಟ್ಟದೆ ಎದ್ದರು. ಜಗ್ಗು ನನ್ನ ಕೈ ಜಾರಿ ನೆಲಕ್ಕೆ ಬಿತ್ತು. ಆ ತಗ್ಗು ಆಗಿನದು.

"ಅಯ್ಯೋ, ಊಟ ಆಯ್ತಾ ಅತ್ತಿಗೆ ಇಷ್ಟು ಬೇಗ?" ಎಂದರು ನಮ್ಮ ಯಜಮಾನರು.

"ಆಯ್ತಪ್ಪ. ಮಜ್ಜಿಗೆ ಬಂತಲ್ಲ" ಎಂದರು ಜಯಕ್ಕ.

ಆಮೇಲೆ ಅವರು ನಮ್ಮ ಮನೆಯಲ್ಲಿ ಉಣ್ಣಲಿಲ್ಲ.

ಜಗಳವಿಲ್ಲ, ಮಾತು ಬಿಟ್ಟದ್ದಿಲ್ಲ. ಅದೇ ಕಷ್ಟ. ಜಗಳವಾಡಿದ್ದರೆ ರಾಜಿ ಮಾಡಿಸಲು ಯಾರಾದರೂ ಸಿಗುತ್ತಿದ್ದರು. ತಿಂಗಳಿಗೊಮ್ಮೆ ಸಕ್ಕರೆ ಪರೀಕ್ಷೆಗೆ ಹುಣಸೂರಿಗೆ ಬರುತ್ತಾರೆ, ನಮ್ಮ ಮನೆಗೂ ಬರುತ್ತಾರೆ, ತೋಟದ ತೆಂಗಿನಕಾಯಿ ತಂದು ಕೊಡುತ್ತಾರೆ, ಜಗುಲಿಯ ಮೇಲೆ ಕೂರುತ್ತಾರೆ. ಊಟ ಎಂದ ಕೂಡಲೇ ಒಂದು ವ್ರತ ಹೊರಗೆ ಬರುತ್ತದೆ. ಸೋಮವಾರ ಶಿವನದು, ಮಂಗಳವಾರ ಅಮ್ಮನದು, ಗುರುವಾರ ಗುರುಗಳದು, ಶುಕ್ರವಾರ ಲಕ್ಷ್ಮಿಯದು, ಶನಿವಾರ ಹನುಮಂತನದು. ಲೆಕ್ಕ ಹಾಕಿ ಒಂದು ಬುಧವಾರ ಕರೆದೆ. "ಬುದ್ವಾರ ಹೊಸಲು ದಾಟಿದ್ ಮ್ಯಾಲೆ ಉಣ್ಣಕಿಲ್ಲ ಅಂತ ಹರಕೆ ಕಟ್ಕಂಡಿವ್ನಿ ಕಣವ್ವ" ಎಂದರು. ಭಾನುವಾರ ಕರೆದೆ. ಸೂರ್ಯನಾರಾಯಣ ಸ್ವಾಮಿ ಬಂದ. ಎಂಟನೆಯ ವಾರ ಅಂತ ಒಂದಿದ್ದಿದ್ದರೆ ಅದಕ್ಕೂ ಜಯಕ್ಕ ಒಬ್ಬ ದೇವರನ್ನು ಗೊತ್ತು ಮಾಡುತ್ತಿದ್ದರು.

ನಾನು ದೇವರು ದಿಂಡರು ಎನ್ನುವವಳು. ಬೇರೆ ಏನೇ ನೆಪ ಹೇಳಿದರೂ ಕೈ ಹಿಡಿದು ಎಳೆದು ಕೂರಿಸುತ್ತಿದ್ದೆ. ದೇವರನ್ನೇ ಅಡ್ಡ ನಿಲ್ಲಿಸಿದರೆ ಏನು ಮಾಡಲಿ? ಒಂದು ಗುರುವಾರ ನಮ್ಮ ಯಜಮಾನರು ಅಂಗಡಿಯಿಂದ ಬಂದು, "ಅತ್ತಿಗೆ ಬಸ್ ಸ್ಟ್ಯಾಂಡ್ ಹತ್ತಿರ ಸೆಟ್ ದೋಸೆ ತಿಂತಾ ಇದ್ರು" ಎಂದರು. ನನಗೆ ಕಣ್ಣಲ್ಲಿ ನೀರು ಬಂತು. ಆದರೂ ಆ ಸಾಯಂಕಾಲ ದೀಪ ಹಚ್ಚಿ, ದೇವರು ದಿನದಲ್ಲಿ ತೋರಿಸಿದ ದಯೆಯನ್ನು ಬೆರಳ ಗೆಣ್ಣಿನ ಮೇಲೆ ಎಣಿಸುವಾಗ ಅದನ್ನೂ ಸೇರಿಸಿದೆ. ಗ್ಯಾಸ್ ಖಾಲಿಯಾಗಲಿಲ್ಲ, ಒಂದು. ನಲ್ಲಿ ನೀರು ಬಂತು, ಎರಡು. ಸಕ್ಕರೆ ಕಾಯಿಲೆಯ ನಮ್ಮಕ್ಕ ಹಸಿದ ಹೊಟ್ಟೆಯಲ್ಲಿ ಬಸ್ ಹತ್ತಲಿಲ್ಲ, ಮೂರು. ನೀರು ಕೊಟ್ಟರೆ ಮಾತ್ರ ಬೇಡ ಎನ್ನುತ್ತಿರಲಿಲ್ಲ. ನೀರಿಗೆ ಯಾವ ದೇವರ ಅಡ್ಡಿಯೂ ಇರಲಿಲ್ಲವೆಂಬುದು ನಾಲ್ಕನೆಯದು.

ಪಿರಿಯಾಪಟ್ಟಣದ ಮಸಣಿಕಮ್ಮನಿಗೆ ಹರಕೆ ಹೊತ್ತೆ. ಅಕ್ಕ ನಮ್ಮ ಮನೆಯಲ್ಲಿ ಒಂದು ಸಲ ಹೊಟ್ಟೆ ತುಂಬ ಉಣ್ಣಬೇಕು, ಇಷ್ಟೇ. ಆವತ್ತು ಮುದ್ದೆ ಮುಗಿದಿತ್ತು ಅಕ್ಕ, ಎಂದು ಒಂದು ಮಾತು ಹೇಳಿದ್ದರೆ ಮಸಣಿಕಮ್ಮನಿಗೆ ಈ ತೊಂದರೆ ಇರುತ್ತಿರಲಿಲ್ಲ ಎಂದು ನೀವು ಅನ್ನುತ್ತೀರಿ. ನಿಜ. ಆದರೆ ಮೊದಲ ವಾರ ಹೇಳದ ಮಾತು ಎರಡನೇ ವಾರಕ್ಕೆ ಕಷ್ಟ, ವರ್ಷ ಕಳೆದ ಮೇಲೆ ಕೇಳಬೇಕೆ? ಅದರ ಬದಲು ದೇವಸ್ಥಾನಕ್ಕೆ ಹೋಗಿ ಬರುವುದು ಸುಲಭ.

ಈ ನಡುವೆ ನನ್ನ ಊಟದ ಕರೆಗಳು ನಿಲ್ಲಲಿಲ್ಲ, ಆದರೆ ಕೆಟ್ಟವು. ಯಾರಿಗಾದರೂ ಕಡಿಮೆಯಾದೀತೆಂದು ಹೆದರಿ, ಬಂದವರ ತಟ್ಟೆ ಕಾಯತೊಡಗಿದೆ. ಅರ್ಧ ತುತ್ತು ಇಳಿಯುವುದರೊಳಗೆ ಇನ್ನೊಂದು ಮುದ್ದೆ ಬೀಳುತ್ತಿತ್ತು. ಬೇಡ ಎಂದು ಕೈ ಅಡ್ಡ ಹಿಡಿದವರ ಕೈ ಮೇಲೇ ಸಾರು ಬಿದ್ದದ್ದೂ ಉಂಟು. ಮಜ್ಜಿಗೆಯನ್ನಂತೂ ನಾನು ಬಡಿಸುವುದೇ ಬಿಟ್ಟೆ. ಅದು ಎಲ್ಲರೂ ಕೈ ತೊಳೆದ ಮೇಲೆ ನೆನಪಾಗುತ್ತಿತ್ತು. ಜಗ್ಗು ಅಕ್ಕಿ ಡಬ್ಬದ ಹಿಂದೆ ಸೇರಿತು.

ನೂರಮ್ಮ ಒಂದು ದಿನ ಹೇಳಿಯೇಬಿಟ್ಟಳು. "ಬೇಜಾರ್ ಮಾಡ್ಕೋಬೇಡಿ ಅಕ್ಕ. ನೀವು ಊಟ ಹಾಕೋದು ನೋಡಿದ್ರೆ ಪರೀಕ್ಷೆ ಬರೆಸ್ದಂಗೆ ಇರತ್ತೆ. ಹಿಂದೆ ನಿಂತ್ಕೊಂಡು ನೋಡ್ತಾನೇ ಇರ್ತೀರ. ನಮ್ಮೆಜಮಾನ್ರಂತೂ ನಿಮ್ಮನೆಗೆ ಊಟಕ್ಕೆ ಅಂದ್ರೆ ಮಧ್ಯಾಹ್ನದಿಂದ ಏನೂ ತಿನ್ನಲ್ಲ, ಹೆದರ್ಕೊಂಡು."

"ಮತ್ತೆ ಹೆಂಗೆ ಮಾಡ್ಲಿ ಹೇಳು?"

"ನಮ್ಮನೇಲಿ ಹೆಂಗೆ? ನೀವು ಬಂದ್ರೆ ನಾನೇನು ಮಾಡ್ತೀನಿ?"

ಯೋಚಿಸಿದೆ. ಅವಳ ಮನೆಗೆ ನಾನು ಯಾವಾಗ ಹೋದರೂ ಕೂರುವ ಮೊದಲೇ ನನ್ನ ಮಡಿಲಿಗೆ ಒಂದು ಮೊರ ಬೀಳುತ್ತದೆ. ಬೆಳ್ಳುಳ್ಳಿ ಸುಲಿಯಬೇಕು, ಇಲ್ಲವೆ ಪುದೀನ ಬಿಡಿಸಬೇಕು. ಅಷ್ಟು ಹೊತ್ತಿಗೆ ಹಸಿವು, ಮಾತು ಎರಡೂ ಶುರುವಾಗಿರುತ್ತವೆ. ಅವಳ ಮನೆಯಲ್ಲಿ ನಾನು ಯಾವತ್ತೂ ನಾಚಿಕೊಂಡು ಉಂಡದ್ದಿಲ್ಲ.

"ಕೆಲಸ ಕೊಡಿ ಅಕ್ಕ ಬಂದೋರಿಗೆ" ಎಂದಳು. "ಕೈ ಸುಮ್ನಿದ್ರೆ ಮನಸ್ಸು ಏನೇನೋ ಎಣಿಸತ್ತೆ."

ಈ ಸಲದ ಚಳಿಗಾಲದಲ್ಲಿ, ಅವರೆಕಾಯಿ ಸೊಗಡು ತುಂಬಿ ಬಂದ ಕಾಲಕ್ಕೆ, ನಾನು ಒಂದು ಭಾನುವಾರ ಆವತ್ತು ಕರೆದಿದ್ದ ಅದೇ ನಾಲ್ವರಿಗೆ ಮತ್ತೆ ಹೇಳಿದೆ. ಜಯಕ್ಕನಿಗೆ ಫೋನಿನಲ್ಲಿ ಊಟ ಎನ್ನಲಿಲ್ಲ. "ಹಿದುಕಿದ ಅವರೆ ಮಾಡ್ಬೇಕು ಅಕ್ಕ. ಕಾಳು ಜಾಸ್ತಿ ಅದೆ, ಕೈ ಸಾಲಲ್ಲ. ಹಿದುಕಕ್ಕೆ ಬನ್ನಿ" ಎಂದೆ.

"ಹಿದುಕಕ್ಕೆ ಬತ್ತೀನಿ" ಎಂದರು. "ಭಾನ್ವಾರ ಅದೆ, ಉಣ್ಣಕಿಲ್ಲ."

"ಉಣ್ಣಬೇಡಿ ಬುಡಿ."

ಮಧ್ಯಾಹ್ನ ಮೂರಕ್ಕೆಲ್ಲ ಬಂದರು. ಟೇಬಲ್ಲನ್ನು ಗೋಡೆಗೆ ತಳ್ಳಿ, ನಡುಮನೆಯಲ್ಲಿ ಚಾಪೆ ಹಾಸಿ, ನೆನೆಸಿದ ಕಾಳಿನ ಬೇಸಿನ್ ನಡುವೆ ಇಟ್ಟಿದ್ದೆ. ಅವರೆಕಾಳು ಹಿದುಕಿದವರಿಗೆ ಗೊತ್ತು, ಅದು ಒಬ್ಬರಿಂದಾಗುವ ಕೆಲಸವಲ್ಲ. ಎರಡು ಬೆರಳ ನಡುವೆ ಒತ್ತಿದರೆ ಸಿಪ್ಪೆ ಕೈಯಲ್ಲಿ, ಬೇಳೆ ಎಲ್ಲೋ. ಬೆಟ್ಟದಷ್ಟು ಕಾಳು ಹಿದುಕಿದರೆ ಬೊಗಸೆಯಷ್ಟು ಬೇಳೆ. ಭಾವ ಒತ್ತಿದ ಮೊದಲ ಕಾಳು ಹಾರಿ ಸತ್ತಾರಣ್ಣನ ಟೀ ಲೋಟಕ್ಕೆ ಬಿತ್ತು.

"ಏನ್ ಸಾಮಿ, ಗುರಿ ಇಟ್ಟು ಹೊಡೀತೀರಾ?" ಎಂದರು ಸತ್ತಾರಣ್ಣ, ಬೇಳೆ ತೆಗೆದು ಬಾಯಿಗೆ ಹಾಕಿಕೊಳ್ಳುತ್ತ.

"ನಿಮ್ಗೆ ಟೀ ಜೊತೆ ಏನೂ ಕೊಟ್ಟಿರ್ಲಿಲ್ವಲ್ಲ, ಅದ್ಕೆ" ಎಂದರು ಭಾವ.

ಜಯಕ್ಕನ ಕೈ ಮಾತ್ರ ಯಂತ್ರ. ಎರಡೂ ಕೈಯಲ್ಲಿ ಒಟ್ಟಿಗೆ ಹಿದುಕುತ್ತ, ನಮ್ಮ ಯಜಮಾನರ ಮುಂದಿನ ಸಣ್ಣ ಗುಡ್ಡೆ ನೋಡಿ, "ಮೋಟ್ರಿಗೆ ತಂತಿ ಸುತ್ತೋ ಕೈಯಪ್ಪ ಇದು, ಒಂದೊಂದು ಕಾಳ್ಗೂ ಕನೆಕ್ಷನ್ ಕೊಡ್ತಾ ಕೂತದೆ" ಎಂದರು. ಎಲ್ಲರೂ ನಕ್ಕರು. ನಾಲ್ಕು ವರ್ಷದಲ್ಲಿ ನಮ್ಮ ಮನೆಯಲ್ಲಿ ಅವರು ಆಡಿದ ಮೊದಲ ತಮಾಷೆ ಅದು. ನಾನು ಎಣಿಸಿಕೊಂಡೆ.

ಸಾರು ಕುದಿಯಿತು. ಮನೆಯೆಲ್ಲ ಅವರೆಯ ಘಮ. ಹೊತ್ತು ಮುಳುಗಿ, ದೇವರಿಗೆ ದೀಪ ಹಚ್ಚಿ, ಮುದ್ದೆಗೆ ಎಸರಿಟ್ಟೆ. ಅಡುಗೆಮನೆಯ ಬಾಗಿಲು ಹಾಕಲಿಲ್ಲ. ಅದಕ್ಕೆ ಅಡ್ಡಲಾಗಿ ಈರುಳ್ಳಿ ಬುಟ್ಟಿ ಇಟ್ಟಿದ್ದೆ, ಹಾಕಿಕೊಳ್ಳದ ಹಾಗೆ. ಹಿಟ್ಟು ಸುರಿಯುತ್ತಿದ್ದೆ, ಹಿಂದೆ ಬಳೆ ಸದ್ದಾಯಿತು. ಜಯಕ್ಕ ಬಾಗಿಲಲ್ಲಿ ನಿಂತಿದ್ದರು.

"ಎಷ್ಟು ಜನಕ್ಕೆ ಮಾಡ್ತಿದ್ದೀಯೆ?"

"ಆರು ಜನಕ್ಕೆ."

"ಹನ್ನೆಲ್ಡು ಜನ ಉಣ್ಬೋದು ಕಣೆ ಇದನ್ನ."

"ಆವತ್ತು ಸಾಲ್ದೆ ಬಂತಲ್ಲ ಅಕ್ಕ."

ನಾಲ್ಕು ವರ್ಷ ಬಾಯಿಗೆ ಬಾರದ ಮಾತು ಹಿಟ್ಟಿನ ಹಬೆಯ ಜೊತೆ ಹಾಗೇ ಹೊರಗೆ ಬಂದುಬಿಟ್ಟಿತು. ಹೇಳಿದ ಮೇಲೆ ನಿಲ್ಲಿಸಲು ನನಗೂ ಆಗಲಿಲ್ಲ. "ಆವತ್ತು ಮುದ್ದೆ ಮುಗಿದೋಗಿತ್ತು. ನಿಮಗೆ ಇನ್ನೊಂದು ಬೇಕು ಅಂತ ಗೊತ್ತಿತ್ತು. ಮರ್ಯಾದೆ ಹೋಗುತ್ತೆ ಅಂತ ಮಜ್ಜಿಗೆ ತಂದುಬಿಟ್ಟೆ. ನಿಮ್ಮ ತುತ್ತು ಎಣಿಸಿ ಅಲ್ಲ ಅಕ್ಕ."

ಜಯಕ್ಕ ಒಳಗೆ ಬಂದರು. ನನ್ನ ಕೈಯಿಂದ ಕೋಲು ತಗೊಂಡರು. ಪಾತ್ರೆಯನ್ನು ಇಕ್ಕುಳದಲ್ಲಿ ಒತ್ತಿ ಹಿಡಿದು ತೊಳಸತೊಡಗಿದರು.

"ಮುಗುದಿದ್ದು ನಂಗೂ ಗೊತ್ತಿತ್ತು" ಎಂದರು. "ಬಾಗ್ಲು ಹಾಕ್ಕಂಡು ತಳ ಕೆರೀತಿದ್ದಲ್ಲ, ಕೇಳಿಸ್ನಿಲ್ವಾ ನಂಗೆ?"

ನಾನು ಹಿಟ್ಟಿನ ಡಬ್ಬ ಮುಚ್ಚಿಟ್ಟೆ.

"ಮುದ್ದೆ ಇಲ್ದಿದ್ದಕ್ಕೆ ಯಾರಾದ್ರೂ ಎದ್ದೋದಾರ? ಅಕ್ಕ, ಮುಗುದೋಯ್ತು, ಬನ್ನಿ ಅಂತ ಒಂದ್ ಸನ್ನೆ ಮಾಡಿದ್ರೆ ಎದ್ದು ಬಂದು ಅರ್ಧ ಗಳಿಗೇಲಿ ತೊಳ್ಸಾಕ್ತಿದ್ದೆ. ನೀನು ನನ್ನೂ ಸೇರ್ಸಿ ಬಾಗ್ಲು ಹಾಕ್ಕಂಡೆ. ನೆಂಟ್ರು ಅಂದೆ." ಕೋಲು ಒಂದು ಸುತ್ತು ಜೋರಾಗಿ ತಿರುಗಿತು. "ನಿನ್ನ ಗಂಟಿನ ಮುದ್ದೆ ನುಂಗ್ದೋಳು ಕಣೆ ನಾನು. ನೆಂಟ್ರು ನುಂಗ್ತಾರ ಅದ್ನ?"

ಕೈಗೆ ನೀರು ಹಚ್ಚಿಕೊಂಡು ಮುದ್ದೆ ಕಟ್ಟಲು ಕೂತೆ. ಅವರು ಹಿಟ್ಟು ತೆಗೆದು ಹಾಕಿದರು, ನಾನು ಕಟ್ಟಿದೆ. ಸುಡುತ್ತಿತ್ತು. ಕಣ್ಣಲ್ಲಿ ನೀರು ಬಂದದ್ದಕ್ಕೆ ಅದನ್ನೇ ಕಾರಣ ಮಾಡಿಕೊಂಡೆ.

ಹೊರಗಿನ ನಾಲ್ವರಿಗೆ ಬಡಿಸಿದೆವು. ಹಿಂದೆ ನಿಂತು ಕಾಯಲಿಲ್ಲ. ಮುದ್ದೆಯ ಪಾತ್ರೆ, ಸಾರಿನ ಪಾತ್ರೆ ಅವರ ನಡುವೆಯೇ ಇಟ್ಟು, "ಬೇಕಾದ್ದು ಹಾಕ್ಕೊಳ್ಳಿ" ಎಂದು ಒಳಗೆ ಬಂದೆ. ಸತ್ತಾರಣ್ಣ ನಿಟ್ಟುಸಿರು ಬಿಟ್ಟದ್ದು ಅಡುಗೆಮನೆಗೂ ಕೇಳಿಸಿತು.

ಜಯಕ್ಕ ಸೆರಗು ಬಿಚ್ಚಿ ಮುಖ ಒರೆಸಿಕೊಳ್ಳುತ್ತಿದ್ದರು. ನಾನು ಎರಡು ತಟ್ಟೆ ನೆಲಕ್ಕಿಟ್ಟು, ಧೈರ್ಯ ಸಾಲದೆ ನಿಂತೆ. "ಇವತ್ತು ಭಾನುವಾರ" ಎಂದೆ, ಹೆದರುತ್ತ.

ಅವರು ಕಿಟಕಿಯ ಹೊರಗೆ ನೋಡಿದರು. "ಸೂರ್ಯ ಮುಳುಗಿ ಎಷ್ಟೊತ್ತಾಯ್ತು. ಅವ್ನೇ ಇಲ್ದಿದ್ ಮ್ಯಾಲೆ ಯಾರ್ಗೆ ವ್ರತ?" ಎಂದು ತಟ್ಟೆ ಎಳೆದುಕೊಂಡು ಕೂತರು.

ಹಿದುಕಿದ ಅವರೆಯ ಸಾರಿನಲ್ಲಿ ಮುದ್ದೆ ಹೊರಳಿಸಿ ಅವರು ನುಂಗಿದ ಆ ಮೊದಲ ತುತ್ತನ್ನು ನಾನು ನೋಡಿದ್ದು ತಪ್ಪೇ ಇರಬಹುದು, ಉಣ್ಣುವವರ ತುತ್ತು ನೋಡಬಾರದು. ಒಂದು ಮುದ್ದೆ ಮುಗಿಯಿತು. ಬೆರಳು ಸಾರಿನಲ್ಲಿ ಆಡುವ ಮೊದಲೇ, "ಇನ್ನೊಂದು ಹಾಕು" ಎಂದರು. ಹಾಕಿದೆ. ಅದು ಮುಗಿಯುವ ಹೊತ್ತಿಗೆ ನಾನಿನ್ನೂ ನನ್ನ ಮೊದಲನೆಯದರ ಅರ್ಧದಲ್ಲಿದ್ದೆ.

"ಮಜ್ಜಿಗೆ ಎಲ್ಲಿಟ್ಟಿದ್ದೀಯೆ?"

"ಕೊಡ್ತೀನಿ ಅಕ್ಕ, ಆಮೇಲೆ. ಇನ್ನರ್ಧ ಮುದ್ದೆ..."

"ಎಲ್ಲಿಟ್ಟಿದ್ದೀಯೆ ಹೇಳು."

ಮಜ್ಜಿಗೆ ಪಾತ್ರೆ ತೋರಿಸಿದೆ. ಎದ್ದು, ಹುಯ್ಯಲು ಏನಾದರೂ ಹುಡುಕಿ, ಅಕ್ಕಿ ಡಬ್ಬದ ಹಿಂದೆ ಕೈ ಹಾಕಿದರು. ಜಗ್ಗು ಹೊರಗೆ ಬಂತು. ತಗ್ಗಿನ ಮೇಲೆ ಹೆಬ್ಬೆರಳು ಆಡಿಸಿದರು.

"ಇದ್ಕೇನಾಯ್ತೆ?"

"ಆವತ್ತು ನೀವು ಎದ್ರಲ್ಲ, ಆಗ ಕೈ ಜಾರಿ ಬಿತ್ತು."

ಜಗ್ಗನ್ನು ತೊಳೆದು, ಮಜ್ಜಿಗೆ ತುಂಬಿ, ನನ್ನ ಹತ್ತಿರ ಬಂದು, ಅರ್ಧ ಮುದ್ದೆ, ಸಾರು ಎಲ್ಲ ಹಾಗೇ ಇದ್ದ ನನ್ನ ತಟ್ಟೆಗೆ ಸುಂಯ್ಯನೆ ಹುಯ್ದುಬಿಟ್ಟರು. ಮೂತಿ ಸೊಟ್ಟಗಿದ್ದ ಜಗ್ಗಾದ್ದರಿಂದ ನನ್ನ ಕೈಗೂ ಸೀರೆಗೂ ಬಿತ್ತು.

"ಹೂಂ, ಮಜ್ಜಿಗೆ ಬಂತು" ಎಂದರು. "ಏಳು ಇನ್ನ."

ನಾನು ಏಳಲಿಲ್ಲ. ನಗು ತಡೆಯಲಾಗದೆ ಗೋಡೆಗೊರಗಿದೆ. ಅವರೂ ಜಗ್ಗು ಹಿಡಿದೇ ನೆಲಕ್ಕೆ ಕುಸಿದು ಕೂತು ನಕ್ಕರು.

"ಏನ್ರವ್ವ ಅಲ್ಲಿ?" ಎಂದು ಭಾವ ನಡುಮನೆಯಿಂದ ಕೂಗಿದರು.

"ಏನಿಲ್ಲ" ಎಂದರು ಜಯಕ್ಕ. "ನಿಮ್ಮ ತಮ್ಮನ ಹೆಂಡ್ರ ಊಟ ಆಯ್ತು."

ಆ ತಟ್ಟೆಯಲ್ಲೇ ಮುದ್ದೆ, ಅವರೆಸಾರು, ಮಜ್ಜಿಗೆ ಎಲ್ಲ ಕಿವುಚಿ ಉಂಡೆ. ರುಚಿ ಹೇಗಿತ್ತು ಎಂದು ಕೇಳಬೇಡಿ. ಮಸಣಿಕಮ್ಮನ ಹರಕೆಗೆ ಬರುವ ಮಂಗಳವಾರ ಹೋಗಬೇಕು.

ಪಾತ್ರೆಯವಳಿಗೆ ಇಷ್ಟೆಲ್ಲ ಹೇಳುತ್ತ ಕೂರಲಾಗುತ್ತದೆಯೆ? ಅವಳು ಹೋದ ಮೇಲೆ ಜಗ್ಗನ್ನು ಒರೆಸಿ, ಅಕ್ಕಿ ಡಬ್ಬದ ಹಿಂದಲ್ಲ, ಮುಂದೆಯೇ ಇಟ್ಟೆ. ಅಷ್ಟರಲ್ಲಿ ಜಯಕ್ಕನ ಫೋನ್ ಬಂತು. ನಾಳೆ ರಕ್ತ ಪರೀಕ್ಷೆ ಮುಗಿಸಿಕೊಂಡು ಭಾವನ ಜೊತೆ ಊಟಕ್ಕೆ ಬರುತ್ತಾರಂತೆ. "ನಂಗೆ ಎಲ್ಡೇ ಮುದ್ದೆ ಸಾಕು, ಹೆಚ್ಗೆ ಮಾಡ್ಬೇಡ" ಎಂದರು. ನಾಳೆ ಗುರುವಾರ. ಅದನ್ನು ನಾನು ನೆನಪಿಸಲಿಲ್ಲ, ಅವರೂ ಆ ಮಾತು ಎತ್ತಲಿಲ್ಲ. ಎಸರಿಗೆ ಮಾತ್ರ ಲೆಕ್ಕಕ್ಕಿಂತ ಒಂದು ಮುದ್ದೆಯ ನೀರು ಜಾಸ್ತಿ ಇಡುತ್ತೇನೆ. ಭಾವನಿಗೆ ದಾರಿಯಲ್ಲಿ ಯಾರಾದರೂ ಸಿಕ್ಕೇ ಸಿಗುತ್ತಾರೆ.